ಒಂದು ದಿನಕ್ಕೆಂದು ತಂದ ಜಾಗಟೆ

ಹದಿಮೂರು ದಿನ ಮುಗಿದ ಮಾರನೆಯ ಬೆಳಿಗ್ಗೆ ಮೀನಿನ ಕಮಲಿ ಬಂದಳು. ಅಷ್ಟು ದಿನ ಅವಳು ನಮ್ಮ ಗೇಟಿನ ಮುಂದೆ ಕೂಗದೆ ದಾಟಿ ಹೋಗುತ್ತಿದ್ದಳು. ಅತ್ತೆ ಏಳರ ಬಸ್ಸಿಗೆ ತದಡಿಗೆ ವಾಪಸ್ ಹೋಗಿಯಾಗಿತ್ತು. ಮನೆಯಲ್ಲಿ ನಾನೊಬ್ಬಳೇ ಇದ್ದೆ.

"ತಂಗಿ, ಬಂಗಡೆ ಇತ್ತು. ಹಾಕ್ಲಾ?" ಎಂದು ಬುಟ್ಟಿ ಇಳಿಸಿದಳು.

ನಾನು ಪಾತ್ರೆ ಹಿಡಿದೆ. ಅವಳು ಎಂದಿನಂತೆ ಆರು ಬಂಗಡೆ ಹಾಕಿದಳು. ಹಾಕಿದ ಮೇಲೆ ಅವಳ ಕೈ ಪಾತ್ರೆಯ ಮೇಲೆಯೇ ನಿಂತಿತು. ಮೂರನ್ನು ವಾಪಸ್ ತೆಗೆಯಬೇಕೋ ಬೇಡವೋ ಎಂದು ನನ್ನ ಮುಖ ನೋಡಿದಳು. ತೆಗೆಯಲಿಲ್ಲ.

"ಇರ್ಲಿ. ನಾಳಿಗೆ ಆತು," ಎಂದಳು.

ನನ್ನ ಗಂಡ ಭಾಸ್ಕರ ತೀರಿಕೊಂಡದ್ದು ಆಂಬುಲೆನ್ಸಿನಲ್ಲಿ, ಕುಂದಾಪುರ ಇನ್ನೂ ಬಂದಿರಲಿಲ್ಲ. ಹೊನ್ನಾವರದಲ್ಲಿ ಎದೆನೋವು ಬಂದರೆ ಮಣಿಪಾಲಕ್ಕೆ ಹೋಗಬೇಕು. ನಾನು ಅವನ ಕಾಲಿನ ಹತ್ತಿರ ಕೂತಿದ್ದೆ. ಅವನಿಗೆ ಮೂವತ್ತಾರು. ಇದಕ್ಕಿಂತ ಹೆಚ್ಚು ಬರೆಯಲು ನನಗೆ ಬರುವುದಿಲ್ಲ.

ಮೀನು ತೊಳೆಯುತ್ತಿದ್ದಾಗ ಸುಶ್ಮಿತಾಳ ಫೋನ್ ಬಂತು. ತದಡಿಯ ಹುಡುಗಿ, ಕುಮಟಾದಲ್ಲಿ ಬಿ.ಕಾಂ. ಓದುತ್ತಾಳೆ.

"ಶರ್ಮಿಳಕ್ಕಾ, ಶನಿವಾರ ಸಭೆ ಇತ್ತಲ್ಲ. ಭಾಸ್ಕರಣ್ಣನೇ ತಾರೀಕು ಗೊತ್ತು ಮಾಡಿದ್ದು. ಮುಂದೆ ಹಾಕುದಾ?"

"ಬೇಡ," ಎಂದೆ.

"ಹಂಗಾದ್ರೆ... ಜಾಗಟೆ ಹೊಡೀಲಿಕ್ಕೆ ನೀವು ಬರ್ತ್ರಾ?"

ಬರುತ್ತೇನೆ ಎಂದೆ.

ಭಟ್ಕಳ, ಹೊನ್ನಾವರ, ಕುಮಟಾ, ಈ ಮೂರು ತಾಲೂಕಿನ ಯುವಜನರ ಕೆಲಸಗಳಿಗೆಂದು ಒಂದು ಸಂಸ್ಥೆ ವರ್ಷಕ್ಕೊಮ್ಮೆ ಹಣ ಕೊಡುತ್ತದೆ. ಭಾಸ್ಕರ ಅದರ ಸಂಯೋಜಕನಾಗಿದ್ದ. ಯಾವ ಗುಂಪಿಗೆ ಕೊಡಬೇಕೆಂದು ಮೊದಲು ಹಿರಿಯರ ಸಮಿತಿಯೊಂದು ಹೇಳುತ್ತಿತ್ತು. ಮೂರು ವರ್ಷದ ಹಿಂದೆ ಭಾಸ್ಕರ ಜಗಳ ಮಾಡಿ ಅದನ್ನು ಹುಡುಗರ ಕೈಗೆ ಕೊಡಿಸಿದ. ತಾಲೂಕಿಗೆ ಮೂವರಂತೆ ಒಂಬತ್ತು ಜನ, ಎಲ್ಲರೂ ಹದಿನಾರರಿಂದ ಇಪ್ಪತ್ತೆರಡರ ಒಳಗಿನವರು. ಮತ ಅವರಿಗೆ ಮಾತ್ರ. ಸಭೆಯಲ್ಲಿ ದೊಡ್ಡವರಿಗೆ ಇರುವುದು ಒಂದೇ ಕೆಲಸ. ಅರ್ಜಿ ಹಾಕಿದವರು ಬಂದು ಮಾತಾಡುತ್ತಾರೆ. ಐದು ನಿಮಿಷ ಆದ ಕೂಡಲೇ ಜಾಗಟೆ ಹೊಡೆಯಬೇಕು.

ಜಾಗಟೆ ನಮ್ಮದಲ್ಲ. ಕರ್ಕಿಯ ಮಹಾಬಲ ಮಾಸ್ತರದ್ದು. ಅವರು ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದರು, ರಾತ್ರಿ ಯಕ್ಷಗಾನದಲ್ಲಿ ಭಾಗವತಿಕೆ ಮಾಡುತ್ತಿದ್ದರು. ಮೊದಲ ವರ್ಷದ ಸಭೆಯಲ್ಲಿ ಅರ್ಜಿದಾರರು ಎಷ್ಟು ಹೇಳಿದರೂ ಮಾತು ನಿಲ್ಲಿಸದೇ ಹೋದಾಗ ಭಾಸ್ಕರ ಊಟದ ಹೊತ್ತಿಗೆ ಬೈಕ್ ಹತ್ತಿ ಕರ್ಕಿಗೆ ಹೋಗಿ, ಒಂದು ದಿನಕ್ಕೆ ಎಂದು ಹೇಳಿ ಅದನ್ನು ತಂದ. ಅಂದಿನಿಂದ ಅದು ನಮ್ಮ ಅಕ್ಕಿ ಡಬ್ಬದ ಮೇಲೆ ಇದೆ. ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಾಗೆಲ್ಲ ಮಾಸ್ತರು ಕೇಳುತ್ತಿದ್ದರು, "ಭಾಸ್ಕರಾ, ಆ ಒಂದು ದಿನ ಮುಗತ್ತಾ ಇಲ್ಯಾ?"

"ಇನ್ನೂ ಸಂಜೆ ಆಗ್ಲಿಲ್ಲ ಮಾಸ್ತರೇ," ಎನ್ನುತ್ತಿದ್ದ ಅವನು.

ಆ ಸಭೆಯಲ್ಲಿ ಇನ್ನೊಂದು ಶಬ್ದವೂ ಇತ್ತು. ಸಂಸ್ಥೆಯವರು ಕಳಿಸಿದ ನಿಯಮಾವಳಿಯಲ್ಲಿ 'ಹಿತಾಸಕ್ತಿಗಳ ಸಂಘರ್ಷ ಇರುವ ಸದಸ್ಯರು ಹೊರಗೆ ಹೋಗತಕ್ಕದ್ದು' ಎಂದು ಬರೆದಿತ್ತು. ಕಾಯ್ಕಿಣಿಯ ಅನೂಪ ಕೈ ಎತ್ತಿ, "ಅಂದ್ರೆ, ಹೊಡೆದಾಟ ಆದವ್ರು ಹೊರಗೆ ಹೋಗ್ಬೇಕಾ?" ಎಂದು ಕೇಳಿದ್ದ. ಭಾಸ್ಕರ ಸ್ವಲ್ಪ ಹೊತ್ತು ತಲೆ ಕೆರೆದುಕೊಂಡು ಹೇಳಿದ, "ಸೂತಕ ಗೊತ್ತಿತ್ತಲ್ಲ? ಯಾರಾದ್ರೂ ಸತ್ರೆ ಎಂತ ನೋಡ್ತ್ರು? ಅವ ನಿಂಗೆ ಎಂತ ಆಗ್ಬೇಕು ಅಂತ. ಇಲ್ಲೂ ಹಂಗೇ. ಅರ್ಜಿ ಹಾಕಿದವ ನಿಂಗೆ ಎಂತ ಆಗ್ಬೇಕು? ಹತ್ತಿರದವ ಆದ್ರೆ ನಿಂಗೆ ಸೂತಕ. ಜಗಲಿ ಮೇಲೆ ಹೋಗಿ ಕೂತ್ಕೋ. ಕಾಗದ ಮುಟ್ಟೂಕಾಗ."

ಎಲ್ಲರಿಗೂ ಒಂದೇ ಸಲಕ್ಕೆ ತಿಳಿಯಿತು. ಹುಡುಗರು ಅದನ್ನು ಅಲ್ಲಿಗೆ ಬಿಡಲಿಲ್ಲ. ದೂರದ ನೆಂಟರಾದರೆ ಮೂರು ದಿನದ ಸೂತಕ, ಒಳಗೆ ಕೂತು ಕೇಳಬಹುದು, ಮತ ಇಲ್ಲ. ಹತ್ತಿರದವರಾದರೆ ಹತ್ತು ದಿನದ್ದು, ಪೂರ್ತಿ ಹೊರಗೆ. ಭಟ್ಕಳದ ಸುಮಯ್ಯಾ, "ನಮ್ಮಲ್ಲಿ ಸೂತಕ ಅಂತೆಲ್ಲ ಇಲ್ಲ," ಎಂದಾಗ ಅನೂಪ, "ನಿಂದು ಒಳ್ಳೇದಾತಲ್ಲೇ, ಎಲ್ಲದಕ್ಕೂ ಮತ ಹಾಕ್ಬಹುದು," ಎಂದು ಗೋಳು ಹೊಯ್ದುಕೊಂಡಿದ್ದ. ಮರುವರ್ಷ ಅವಳ ಮಾವನ ಮಗಳ ಗುಂಪು ಅರ್ಜಿ ಹಾಕಿದಾಗ ಅವಳೇ ಎದ್ದು, "ನಂಗೆ ಸೂತಕ, ಹತ್ತು ದಿನದ್ದು," ಎಂದು ಚೀಲ ಹಿಡಿದು ಹೊರಗೆ ನಡೆದಳಂತೆ. ಭಾಸ್ಕರ ಮನೆಗೆ ಬಂದು ಇದನ್ನು ಹೇಳಿ ನಕ್ಕದ್ದು ನನಗೆ ನೆನಪಿದೆ. ಕೈಯಲ್ಲಿ ಚಾದ ಲೋಟ ಇತ್ತು. ಚಾ ಚೆಲ್ಲಿತು.

ಗುರುವಾರ ರಾಜೀವ ಬಂದ. ಭಾಸ್ಕರನ ಜೊತೆ ಶಾಲೆಗೆ ಹೋದವನು, ಅವನ ಹೆಣ ಹೊತ್ತ ನಾಲ್ವರಲ್ಲಿ ಒಬ್ಬ. ಈಗ ಹೊನ್ನಾವರದ ವಾಲಿಬಾಲ್ ಹುಡುಗರ ಗುಂಪನ್ನು ನೋಡಿಕೊಳ್ಳುತ್ತಾನೆ. ಕುರ್ಚಿಯ ತುದಿಯಲ್ಲಿ ಕೂತು ಒಂದು ಅರ್ಜಿ ಮುಂದಿಟ್ಟ.

"ಅತ್ತಿಗೆ, ಹೊಳೆ ಬದಿ ಮೈದಾನದಲ್ಲಿ ಒಂದು ಸಿಮೆಂಟಿನ ವೇದಿಕೆ ಕಟ್ಟಿಸುದು ಅಂತ. ಎದುರಿಗೆ ದೊಡ್ಡಕೆ ಅವನ ಹೆಸರು. ಹುಡುಗ್ರೆಲ್ಲ ಒಪ್ಪಿದ್ರು. ನಿಮ್ಮದೊಂದು ಸಹಿ ಬಿದ್ರೆ ಸಭೆಯಲ್ಲಿ ಯಾರೂ ಇಲ್ಲ ಅನ್ನೂದಿಲ್ಲ."

ಅರ್ಜಿ ಓದಿದೆ. ಈ ವರ್ಷದ ಹಣ ಹೆಚ್ಚುಕಡಿಮೆ ಪೂರ್ತಿ ಅದಕ್ಕೇ ಬೇಕಾಗುತ್ತಿತ್ತು. ನಾನು ಪಾಠ ಮಾಡುವ ಕಾಲೇಜಿಗೆ ಹೋಗುವ ದಾರಿ ಆ ಮೈದಾನದ ಪಕ್ಕದಲ್ಲೇ ಇದೆ. ಬೆಳಿಗ್ಗೆ ಒಂಬತ್ತೂವರೆಗೆ ಒಮ್ಮೆ, ಸಂಜೆ ಐದಕ್ಕೆ ಒಮ್ಮೆ. ನೀಲಿ ಬಣ್ಣದಲ್ಲಿ ಬರೆಸಬಹುದು ಎಂದು ಯೋಚಿಸಿದೆ. ಮಳೆಗೆ ಮಾಸಿದರೆ ಪ್ರತಿ ವರ್ಷ ಬರೆಸಬಹುದು.

ಸಹಿ ಹಾಕಿದೆ. ಅಷ್ಟು ದಿನಗಳಲ್ಲಿ ನನಗೆ ಏನಾದರೂ ಬೇಕು ಅನಿಸಿದ್ದು ಅದೊಂದೇ.

ಶನಿವಾರ ಜಾಗಟೆಯನ್ನು ಟವೆಲಿನಲ್ಲಿ ಸುತ್ತಿಕೊಂಡು ಸಭೆಗೆ ಹೋದೆ. ಬಸ್ ಸ್ಟ್ಯಾಂಡಿನ ಹಿಂದಿನ ಹಳೆಯ ಶಾಲೆಯ ಸಭಾಂಗಣ. ನಾನು ಒಳಗೆ ಬಂದಾಗ ಒಂಬತ್ತು ಜನವೂ ಎದ್ದು ನಿಂತರು. ಭಾಸ್ಕರ ಬಂದರೆ ಅವರು ಏಳುತ್ತಿರಲಿಲ್ಲ. ಅವನ ಕುರ್ಚಿಯಲ್ಲಿ ಕೂತೆ. ಹೊರಗೆ ಜಗಲಿಯ ಬೆಂಚಿನ ಮೇಲೆ ಅರ್ಜಿದಾರರು ಸಾಲಾಗಿ ಕೂತಿದ್ದರು. ರಾಜೀವ ಕೊನೆಯವನು, ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ.

ಈ ವರ್ಷದ ಅಧ್ಯಕ್ಷತೆ ಸುಶ್ಮಿತಾಳದ್ದು. ಸಭೆ ಹೇಗೆ ನಡೆಸಬೇಕೆಂದು ಭಾಸ್ಕರ ರಟ್ಟಿನ ಮೇಲೆ ಬರೆದುಕೊಟ್ಟದ್ದು ಅವಳ ಕೈಯಲ್ಲಿತ್ತು. ಮೊದಲ ಅರ್ಜಿ ಕಾಯ್ಕಿಣಿಯದ್ದು, ಹಳೆ ಸೈಕಲ್ ರಿಪೇರಿ ಕಲಿಯುವ ಹುಡುಗರದ್ದು. ಅವರನ್ನು ಕರೆಯುವ ಮೊದಲು ಅವಳು ರಟ್ಟನ್ನು ನೋಡಿದಳು. ನನ್ನನ್ನು ನೋಡಿದಳು.

"ಈ ಅರ್ಜಿಗೆ ಯಾರಿಗಾದ್ರೂ..." ಎಂದು ನಿಂತಳು. "ಯಾರಿಗಾದ್ರೂ ಎಂತದಾದ್ರೂ ಸಂಬಂಧ ಇತ್ತಾ?"

ಯಾರೂ ಏಳಲಿಲ್ಲ. ಅರ್ಜಿ ಹಾಕಿದವನು ಅನೂಪನ ಚಿಕ್ಕಪ್ಪನ ಮಗ ಎಂದು ನನಗೇ ಗೊತ್ತಿತ್ತು. ಅನೂಪ ಮೇಜಿನ ಮೇಲೆ ಉಗುರಿನಿಂದ ಗೀರುತ್ತಿದ್ದ. ಅವನು ಮೋಸ ಮಾಡುತ್ತಿರಲಿಲ್ಲ. ಏಳಬೇಕಾದರೆ ಆ ಶಬ್ದ ಹೇಳಬೇಕು. ನನ್ನೆದುರು ಆ ಶಬ್ದ ಹೇಳಲು ಅವನಿಂದ ಆಗಲಿಲ್ಲ. ಅವರೆಲ್ಲ ಮೊದಲೇ ಮಾತಾಡಿಕೊಂಡಿದ್ದರು ಎಂದು ತೋರುತ್ತದೆ, ಅಕ್ಕನ ಎದುರು ಅದನ್ನು ಹೇಳುವುದು ಬೇಡ ಎಂದು. ಇನ್ನೊಂದು ಶಬ್ದ ಹುಡುಕಿಕೊಂಡಿದ್ದರು. ಆದರೆ ಸಂಬಂಧ ಎಂದರೆ ಯಾರಿಗೂ ಕಾಲು ಏಳುವುದಿಲ್ಲ. ಸಂಬಂಧ ಎಲ್ಲರಿಗೂ ಇರುತ್ತದೆ.

ಐದು ನಿಮಿಷಕ್ಕೆ ನಾನು ಜಾಗಟೆ ಹೊಡೆದೆ. ಜೋರಾಗಿ ಬಿತ್ತು. ಎಲ್ಲರೂ ಬೆಚ್ಚಿದರು.

ಎರಡನೆಯ ಅರ್ಜಿ ತದಡಿಯದ್ದು. ಅಘನಾಶಿನಿ ಹೊಳೆಯಲ್ಲಿ ಅಮ್ಮಂದಿರ ಜೊತೆ ಬಳಚು ಎಂಬ ಚಿಪ್ಪುಮೀನು ಹೆಕ್ಕಲು ನೀರಿಗಿಳಿಯುವ ಮಕ್ಕಳಿಗೆ ಈಜು ಕಲಿಸುವುದು. ಸುಶ್ಮಿತಾಳ ಅಮ್ಮನೂ ಬಳಚು ಹೆಕ್ಕುತ್ತಾಳೆ, ಅವಳ ತಂಗಿಯ ಹೆಸರೂ ಪಟ್ಟಿಯಲ್ಲಿತ್ತು. ಹಿಂದಿನ ವರ್ಷವಾಗಿದ್ದರೆ ಅವಳು ರಟ್ಟನ್ನು ಬೇರೆಯವರಿಗೆ ಕೊಟ್ಟು ಹೊರಗೆ ಹೋಗುತ್ತಿದ್ದಳು. ಈಗ ಕೂತೇ ಇದ್ದಳು. ಅವಳ ಕಿವಿ ಕೆಂಪಾಗಿತ್ತು.

ನಾನು ಸುಮ್ಮನಿದ್ದೆ. ಅದಕ್ಕೆ ಕಾರಣ ನನಗೆ ಚೆನ್ನಾಗಿ ಗೊತ್ತಿತ್ತು. ಈ ಎರಡು ಅರ್ಜಿಗೆ ಆ ಶಬ್ದ ಬಾರದೆ ಹೋದರೆ ಕೊನೆಯ ಅರ್ಜಿಗೂ ಬರುವುದಿಲ್ಲ. ಅದರ ಕೆಳಗೆ ನನ್ನ ಸಹಿ ಇತ್ತು. ಈ ಮಕ್ಕಳು ನನ್ನೆದುರು ಅದಕ್ಕೆ ಬೇಡ ಎನ್ನುವುದಿಲ್ಲ. ವೇದಿಕೆ ಆಗುತ್ತದೆ. ಒಂಬತ್ತೂವರೆಗೆ ಒಮ್ಮೆ, ಐದಕ್ಕೆ ಒಮ್ಮೆ.

ಭಟ್ಕಳದ ಹುಡುಗಿಯರ ಓದುವ ಕೋಣೆಯ ಅರ್ಜಿಯೂ ಮುಗಿಯಿತು. ಉಳಿದದ್ದು ರಾಜೀವನದ್ದು.

ಸುಶ್ಮಿತಾ ಕೊನೆಯ ಕಾಗದ ಎತ್ತಿಕೊಂಡಳು. ಅದರ ಮೇಲಿನ ಹೆಸರು ಓದದೆ ರಟ್ಟನ್ನು ಮುಖದ ಹತ್ತಿರ ಹಿಡಿದಳು. ಆಗ ನನಗೆ ಕಂಡಿತು. ಬೆಳಿಗ್ಗೆಯಿಂದ ಅವಳು ರಟ್ಟನ್ನು ಒಂದೇ ರೀತಿ ಹಿಡಿದಿದ್ದಳು. ಅವಳ ಹೆಬ್ಬೆರಳು ಎರಡನೆಯ ಸಾಲಿನ ಮೇಲಿತ್ತು. ಅದರ ಕೆಳಗೆ ಅವನ ಅಕ್ಷರ ಇತ್ತು. ಉಳಿದ ಸಾಲುಗಳು ನನಗೆ ಕಾಣುತ್ತಿದ್ದವು, ಅವನ ಉದ್ದ ಬಾಲದ ಳ, ಮುಚ್ಚದೇ ಬಿಟ್ಟ ಠ. ಅದೊಂದು ಸಾಲು ಮಾತ್ರ ಕಾಣುತ್ತಿರಲಿಲ್ಲ. ಅದು ನನಗೆ ಬೇಕು ಅನಿಸಿತು. ವೇದಿಕೆಗಿಂತ ಹೆಚ್ಚು ಬೇಕು ಅನಿಸಿತು.

"ಬೆರಳು ತೆಗೆ," ಎಂದೆ.

ಅವಳು ಅರ್ಥವಾಗದೆ ನೋಡಿದಳು.

"ಅವ ಬರೆದದ್ದು ಓದು ಮಾರಾಯ್ತಿ."

ಅವಳು ಬೆರಳು ತೆಗೆದಳು. ಬಹಳ ಸಣ್ಣ ದನಿಯಲ್ಲಿ ಓದಿದಳು, "ಮೊದಲು ಕೇಳುವುದು: ಯಾರಿಗೆ ಸೂತಕ?"

ಫ್ಯಾನ್ ತಿರುಗುತ್ತಿತ್ತು. ನಾನು ಜಾಗಟೆಯನ್ನು ಮೇಜಿನ ಮೇಲಿಟ್ಟೆ.

"ನಂಗೆ," ಎಂದೆ. "ಹತ್ತು ದಿನದ್ದು."

ಎದ್ದು ಹೊರಗೆ ಬಂದು ಬೆಂಚಿನ ಮೇಲೆ ರಾಜೀವನ ಪಕ್ಕದಲ್ಲಿ ಕೂತೆ.

"ಎಂತ ಅತ್ತಿಗೆ, ನನ್ನ ಕರೆದ್ರಾ?" ಎಂದ.

"ಇನ್ನೂ ಇಲ್ಲ."

ಬಾಗಿಲಲ್ಲಿ ಅನೂಪ ಕಾಣಿಸಿಕೊಂಡ. ಯಾರನ್ನೂ ನೋಡದೆ ಬಂದು ಕಂಬಕ್ಕೆ ಒರಗಿ ನಿಂತ. "ನಂಗೆ ಬೈಕ್ ಕಲಿಸಿದ್ದು ಅವ್ನೇ," ಎಂದ. ಯಾರಿಗೆ ಹೇಳಿದನೋ ಗೊತ್ತಿಲ್ಲ. ಅವನ ಹಿಂದೆ ಹೊನ್ನಾವರದ ಇಬ್ಬರು ಬಂದರು. ಆಮೇಲೆ ಕುಮಟಾದ ಒಬ್ಬಳು, ದುಪಟ್ಟಾದ ತುದಿಯಿಂದ ಮೂಗು ಒರೆಸಿಕೊಳ್ಳುತ್ತ.

ಒಂದು ಅರ್ಜಿಯ ಮೇಲೆ ಮತ ಹಾಕಲು ಒಳಗೆ ಐವರಾದರೂ ಇರಬೇಕು. ಅದೂ ಅವನೇ ಬರೆದ ನಿಯಮ. ನಾಲ್ವರು ಹೊರಗಿದ್ದರು, ಐವರು ಒಳಗಿದ್ದರು. ಸಾಕು, ಇನ್ನು ಯಾರೂ ಬರುವುದು ಬೇಡ ಎಂದುಕೊಂಡೆ. ಬಾಗಿಲನ್ನೇ ನೋಡುತ್ತ ಕೂತೆ. ನಾನು ಯಾವ ದೇವರಿಗೂ ಕೈಮುಗಿದವಳಲ್ಲ. ಆಂಬುಲೆನ್ಸಿನಲ್ಲೂ ಮುಗಿಯಲಿಲ್ಲ. ಆ ಬೆಂಚಿನ ಮೇಲೆ ಕೂತು, ಐವರು ಒಳಗೇ ಉಳಿಯಲಿ ಎಂದು ಬೇಡಿಕೊಂಡೆ.

ಸುಶ್ಮಿತಾ ಹೊರಗೆ ಬಂದಳು. ಕೈಯಲ್ಲಿ ರಟ್ಟು ಇತ್ತು.

ಆಮೇಲೆ ಉಳಿದವರೂ ಬಂದರು. ಕೊನೆಗೆ ಸುಮಯ್ಯಾ, ಚೀಲ ಹೆಗಲಿಗೇರಿಸಿಕೊಂಡು. ಅನೂಪ ಅವಳನ್ನು ನೋಡಿ, "ನಿಮ್ಮಲ್ಲಿ ಇಲ್ಲ ಅಂದಿದ್ಯಲ್ಲೇ?" ಎಂದ. ನಗಿಸಲು ಹೇಳಿದ್ದು.

"ಇವತ್ತು ಇದೆ," ಎಂದಳು ಸುಮಯ್ಯಾ.

ರಾಜೀವ ಎದ್ದು ನಿಂತ. "ಎಂತ ಇದು? ಆತಾ? ಪಾಸಾತಾ?"

"ಒಳಗೆ ಯಾರೂ ಇಲ್ಲ ರಾಜೀವಣ್ಣ," ಎಂದಳು ಸುಶ್ಮಿತಾ.

"ಯಾರೂ ಇಲ್ಲ ಅಂದ್ರೆ? ನನ್ನ ಅರ್ಜಿ ಯಾರು ನೋಡುದು?"

"ಇದಕ್ಕೆ ಎಲ್ಲರಿಗೂ ಸೂತಕ. ಯಾರೂ ನೋಡೂಕಾಗ."

ಅವನು ಬಾಗಿಲ ತನಕ ಹೋಗಿ ಒಳಗೆ ಇಣುಕಿದ. ಒಂಬತ್ತು ಖಾಲಿ ಕುರ್ಚಿ, ಮೇಜಿನ ಮೇಲೆ ಒಂದು ಕಾಗದ, ಅದು ಹಾರದಂತೆ ಮೇಲಿಟ್ಟ ಜಾಗಟೆ. ವಾಪಸ್ ಬಂದು ನನ್ನೆದುರು ನಿಂತ.

"ನೀವಾದ್ರೂ ಒಂದು ಮಾತು ಹೇಳ್ಬಹುದಿತ್ತು ಅತ್ತಿಗೆ."

"ನಂಗೆ ಮತ ಇಲ್ಲ ರಾಜೀವ."

"ಅವ ಇದ್ದಿದ್ರೆ..." ಎಂದ. ಅವ ಇದ್ದಿದ್ದರೆ ಮೊದಲು ಹೊರಗೆ ಬಂದು ಕೂರುತ್ತಿದ್ದವ ಅವನೇ ಎಂದು ರಾಜೀವನಿಗೂ ಗೊತ್ತಿತ್ತು. ಅವನು ಮುಖ ತಿರುಗಿಸಿ ಕಣ್ಣು ಒರೆಸಿಕೊಂಡ. "ಈ ಭಾಸ್ಕರಂದು ಸತ್ರೂ ನಿಯಮವೇ," ಎಂದು ಬೈಯುತ್ತ ಚಪ್ಪಲಿ ಮೆಟ್ಟಿಕೊಂಡ.

ನಾನೂ ಹುಡುಗರ ಜೊತೆ ಒಳಗೆ ಹೋದೆ. ಅವರು ಮೊದಲಿನ ಮೂರು ಅರ್ಜಿಗಳನ್ನು ಮತ್ತೆ ಮೊದಲಿನಿಂದ ತೆಗೆದುಕೊಂಡರು. ಸೈಕಲ್ಲಿನದ್ದು ಬಂದಾಗ ಅನೂಪ ಹೊರಗೆ ಹೋಗಿ ಕೂತ. ಈಜಿನದ್ದು ಬಂದಾಗ ಸುಶ್ಮಿತಾ ಹೋದಳು, ನನ್ನ ಕುರ್ಚಿಯ ಎದುರಿನ ಕಿಟಕಿಯಾಚೆ ಅವಳ ಜಡೆ ಮಾತ್ರ ಕಾಣುತ್ತಿತ್ತು. ಈಜಿಗೆ ಹಣ ಸಿಕ್ಕಿತು. ಓದುವ ಕೋಣೆಗೂ ಸಿಕ್ಕಿತು. ಸೈಕಲ್ಲಿನವರಿಗೆ ಇನ್ನೊಮ್ಮೆ ಬರೆದು ತನ್ನಿ ಎಂದರು. ಅನೂಪ, "ನಾ ಒಳಗಿದ್ರೆ ಕೊಡಿಸ್ತಿದ್ದೆ," ಎಂದು ಗೊಣಗಿದ. "ಅದಕ್ಕೇ ನಿನ್ನ ಹೊರಗೆ ಹಾಕಿದ್ದು," ಎಂದಳು ಸುಮಯ್ಯಾ.

ಕೊನೆಗೆ ಸುಶ್ಮಿತಾ ರಟ್ಟಿನ ಕೆಳಗಿನ ಸಾಲು ಓದಿದಳು. "ಸಭೆ ಮುಗಿದ ಮೇಲೆ: ಜಾಗಟೆ ಮಾಸ್ತರಿಗೆ ಮುಟ್ಟಿಸುವುದು."

ಪ್ರತಿ ವರ್ಷ ಅದನ್ನು ಓದುವಾಗ ಎಲ್ಲರೂ ನಗುತ್ತಿದ್ದರಂತೆ, ಎಲ್ಲರಿಗಿಂತ ಜೋರಾಗಿ ಭಾಸ್ಕರನೇ. ಈ ಸಲ ಯಾರೂ ನಗಲಿಲ್ಲ. ನಾನು ಜಾಗಟೆಯನ್ನು ಟವೆಲಿನಲ್ಲಿ ಸುತ್ತಿದೆ.

ಭಾನುವಾರ ಮಧ್ಯಾಹ್ನ ಕರ್ಕಿಗೆ ಹೋದೆ. ಮಹಾಬಲ ಮಾಸ್ತರು ಜಗಲಿಯಲ್ಲಿ ಕೂತು ತೆಂಗಿನಕಾಯಿ ಸುಲಿಯುತ್ತಿದ್ದರು. ನನ್ನನ್ನು ಕಂಡು ಕತ್ತಿ ಬದಿಗಿಟ್ಟು ಒಳಗೆ ಕೂಗಿದರು, "ಹೋಯ್, ಭಾಸ್ಕರನ ಹೆಂಡ್ತಿ ಬೈಂದು. ಚಾ ಇಡು."

ಆಮೇಲೆ ನನ್ನ ಕಡೆ ತಿರುಗಿ, "ಬಾ ತಂಗಿ, ಕೂತ್ಕೋ," ಎಂದರು. ಬೇರೇನೂ ಹೇಳಲಿಲ್ಲ. ಅದಕ್ಕೆ ನನಗೆ ಅವರ ಮೇಲೆ ಗೌರವ ಬಂತು.

ಟವೆಲ್ ಬಿಚ್ಚಿ ಜಾಗಟೆ ಕೊಟ್ಟೆ. ಅವರು ತೆಗೆದುಕೊಳ್ಳಲಿಲ್ಲ. ಎದುರಿನ ಗೋಡೆ ತೋರಿಸಿದರು. "ಅಲ್ಲಿ. ಅದರ ಜಾಗ ಅಲ್ಲಿ ಇದ್ದು."

ಗೋಡೆಗೆ ಸಾಲಾಗಿ ಮೊಳೆ ಹೊಡೆದಿತ್ತು. ತಾಳ, ಗೆಜ್ಜೆಯ ಕಟ್ಟು, ಒಂದು ಕೊಡೆ. ಎರಡು ಮೂರು ಮೊಳೆಗಳಲ್ಲಿ ಸಾಮಾನು ಇರಲಿಲ್ಲ, ಚುಚ್ಚಿದ ಚೀಟಿ ಇತ್ತು.

"ಒಯ್ದವ ತನ್ನ ಕೈಯಿಂದಲೇ ಹೆಸರು ಬರೆದು ಸಿಕ್ಕಿಸಿ ಹೋಗ್ಬೇಕು," ಎಂದರು ಮಾಸ್ತರು. "ಇಲ್ಲದಿದ್ರೆ ನಂಗೆ ಮರೆತು ಹೋಗ್ತದೆ."

ಕೊನೆಯ ಮೊಳೆಯ ಚೀಟಿ ಹಳದಿಯಾಗಿತ್ತು. ಅಂಚನ್ನು ಹುಳ ತಿಂದಿತ್ತು. ನೀಲಿ ಪೆನ್ನಿನಲ್ಲಿ ಬರೆದಿತ್ತು. 'ಜಾಗಟೆ. ಒಂದು ದಿನಕ್ಕೆ. ಭಾಸ್ಕರ.'

ಮೂರು ವರ್ಷದಿಂದ ಅವನ ಹೆಸರು ಈ ಗೋಡೆಯ ಮೇಲಿತ್ತು. ಬರುವವರು ಹೋಗುವವರು ಓದಿದ್ದರು. ನನಗೆ ಗೊತ್ತಿರಲಿಲ್ಲ.

ನಾನು ಜಾಗಟೆ ಹಿಡಿದು ಅಲ್ಲೇ ನಿಂತೆ.

"ಇಟ್ಕೊಳ್ಳುದಾದ್ರೆ ಇಟ್ಕೋ ತಂಗಿ," ಎಂದರು ಮಾಸ್ತರು. "ಅವಸರ ಎಂತದೂ ಇಲ್ಲೆ. ಮುಂದಿನ ವರ್ಷವೂ ಮಕ್ಕಳಿಗೆ ಬೇಕಾಗ್ತು. ಚೀಟಿ ಇಲ್ಲೇ ಇರ್ಲಿ."

ಅವರು ಅದನ್ನು ಕರುಣೆಯಿಂದ ಹೇಳಿದ್ದು. ಆ ಹುಡುಗರು ಆ ಶಬ್ದ ನುಂಗಿಕೊಂಡ ಹಾಗೆ.

ಒಳಗಿನಿಂದ ಚಾದ ಪರಿಮಳ ಬರುತ್ತಿತ್ತು. ಅಂಗಳದಲ್ಲಿ ಬಿಸಿಲು ಇನ್ನೂ ಬೆಳ್ಳಗೇ ಇತ್ತು.

"ಸಂಜೆ ಆತು ಮಾಸ್ತರೇ," ಎಂದೆ.

ಚೀಟಿಯನ್ನು ಹರಿಯದಂತೆ ಮೊಳೆಯಿಂದ ಬಿಡಿಸಿ ಮುಷ್ಟಿಯಲ್ಲಿ ಹಿಡಿದುಕೊಂಡೆ. ಇನ್ನೊಂದು ಕೈಯಿಂದ ಜಾಗಟೆಯನ್ನು ತೂಗುಹಾಕಿದೆ. ಗೋಡೆಗೆ ತಾಗಿ ಅದು ಸಣ್ಣಗೆ ದನಿ ಮಾಡಿತು. ದನಿ ನಿಲ್ಲುವ ತನಕ ಅಲ್ಲೇ ನಿಂತಿದ್ದೆ.